ಭೌತಶಾಸ್ತ್ರ ಮತ್ತು ಅದರ ಶಾಖೆಗಳು

ದ್ರವ್ಯ ಮತ್ತು ಶಕ್ತಿಗಳ ಸ್ವರೂಪವನ್ನೂ ಅವುಗಳ ಪರಸ್ಪರ ಸಂಬಂಧವನ್ನೂ ಅಭ್ಯಸಿಸುವ ವಿಜ್ಞಾನವೇ ಭೌತಶಾಸ್ತ್ರ. ಇದರ ಪರಿಚಯಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ಕೋಲ್ಕತ್ತದ ದಕ್ಷಿಣೇಶ್ವರದಲ್ಲಿ, ಹೂಗ್ಲಿ ನದಿಯ ಸ್ನಾನಘಟ್ಟದ ಮೇಲೆ ನಿಂತರೂ ಸಾಕು.

ಚಂದ್ರ, ಸೂರ್ಯರ ಆಕರ್ಷಣೆಯಿಂದ ಸಮುದ್ರದಲ್ಲೇಳುವ ಉಬ್ಬರವು ನದಿಯೊಳಗೆ ಇಲ್ಲಿಯವರೆಗೂ ಬರುತ್ತದೆ. ಬಲ ಮತ್ತು ಚಲನೆಗಳ ಈ ವಿಚಾರ ಬಲವಿಜ್ಞಾನಕ್ಕೆ ಸೇರಿದುದು. 1931ರಲ್ಲಿ ತೆರೆಯಲಾದ, ಈಗ ವಿವೇಕಾನಂದ ಸೇತುವೆ ಎನಿಸಿರುವ ಉಕ್ಕಿನ ಸೇತುವೆಯು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದು ಉಷ್ಣವಿಜ್ಞಾನದ ವಿಷಯ. ಕಾಳಿಕಾ ಮಂದಿರದ ಘಂಟಾನಾದ ಧ್ವನಿವಿಜ್ಞಾನಕ್ಕೂ, ನೀರಿನ ಮೇಲೆ ಹೊಳೆಯುವ ಬಿಸಿಲು ದ್ಯುತಿವಿಜ್ಞಾನಕ್ಕೂ, 2021ರಿಂದ ಇಲ್ಲಿಗೆ ಬರುತ್ತಿರುವ ಮೆಟ್ರೋ ರೈಲು ವಿದ್ಯುತ್ಕಾಂತ ವಿಜ್ಞಾನಕ್ಕೂ ನಿದರ್ಶನಗಳು. ಇವೆಲ್ಲಕ್ಕೂ ಆಧಾರವಾದ ಕಣಗಳ ಒಳರಚನೆಯನ್ನು ಪರಮಾಣು ಭೌತಶಾಸ್ತ್ರವು ವಿವರಿಸುತ್ತದೆ.

ಶಾಖೆಗಳು ಹಲವಾದರೂ ವೃಕ್ಷ ಒಂದೇ. ದಕ್ಷಿಣೇಶ್ವರದ ಶ್ರೀ ರಾಮಕೃಷ್ಣರಿಗೆ ಕೊನೆಯ ದಿನಗಳಲ್ಲಿ ಚಿಕಿತ್ಸೆ ನೀಡಿದ ಡಾ. ಮಹೇಂದ್ರಲಾಲ್ ಸರ್ಕಾರ್ ಅವರು, ಅದಕ್ಕೂ ಮುಂಚೆ 1876ರಲ್ಲಿ, ಸಾರ್ವಜನಿಕರ ದೇಣಿಗೆಯಿಂದ ಇದೇ ನಗರದಲ್ಲಿ ವಿಜ್ಞಾನ ಸಂಶೋಧನ ಸಂಘವೊಂದನ್ನು ಸ್ಥಾಪಿಸಿದ್ದರು. ಅವರು 1904ರಲ್ಲಿ ನಿಧನರಾದರು. 1907ರಲ್ಲಿ ಹಣಕಾಸು ಇಲಾಖೆಯ ಯುವ ಅಧಿಕಾರಿ ಸಿ.ವಿ. ರಾಮನ್ ಕಚೇರಿಯ ವೇಳೆಯ ಹೊರಗೆ ಅಲ್ಲಿ ಸಂಶೋಧನೆ ಆರಂಭಿಸಿದರು. ದ್ರವದ ಅಣುಗಳಿಂದ ಚದುರಿದ ಬೆಳಕಿನ ಒಂದಂಶವು ತನ್ನ ತರಂಗಾಂತರವನ್ನು ಬದಲಿಸುವುದೆಂದು 1928ರ ಫೆಬ್ರವರಿ 28ರಂದು ಕಂಡುಬಂದಿತು. ಬೆಳಕಿನ ಅಧ್ಯಯನ ಹೀಗೆ ಅಣುಗಳ ರಚನೆಯನ್ನೇ ತಿಳಿಸಿತು. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಮನ್, 1933ರಲ್ಲಿ ಬೆಂಗಳೂರಿಗೆ ಬಂದರು.

ಬಿತ್ತಿದವರು ಫಲವನ್ನು ಕಾಣಲಿಲ್ಲ. ಆದರೆ ಅಂದು ಬಿತ್ತದಿದ್ದರೆ ಆ ಫಲವೂ ದೊರೆಯುತ್ತಿರಲಿಲ್ಲ. ಮೂಲವಿಜ್ಞಾನಕ್ಕೆ ಸಮಾಜವು ನೀಡುವ ಆಸರೆಯ ಮಹತ್ವ ಇದೇ ಆಗಿದೆ.