ಆಟೊಪೈಲಟ್ ನಡುನೀರಲ್ಲಿ ಕೈಬಿಡದಂತೆ

ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ. ಹಾಯಿದೋಣಿಗೆ ಎರಡು ಮೂರು ವಾರಗಳ ದಾರಿ. ದೋಣಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೆ, ಹಗಲಿರುಳು ಚುಕ್ಕಾಣಿ ಹಿಡಿಯುವ ಮೂರನೆಯ ಆಳು ಆಟೊಪೈಲಟ್. ಅದು ದಾರಿ ತಪ್ಪಿತೆಂದರೆ ಎಲ್ಲರೂ ಮೊದಲು ಬೈಯುವುದು ಅದರ ಕಂಪ್ಯೂಟರ್ ಪೆಟ್ಟಿಗೆಯನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ದೋಷ ಬಹುಪಾಲು ವೈರಿನಲ್ಲೋ ಬೋಲ್ಟಿನಲ್ಲೋ ಹಾಯಿಯಲ್ಲೋ ಕೂತಿರುತ್ತದೆ.

1. ತುಂಬಿದ ದೋಣಿಯ ತೂಕಕ್ಕೆ ಕೊಳ್ಳಿ.
ದೋಣಿಯ ಕಾಗದಪತ್ರದಲ್ಲಿರುವುದು ಸಾಮಾನ್ಯವಾಗಿ ಖಾಲಿ ತೂಕ. ನೀರು, ಡೀಸೆಲ್, ದಿನಸಿ, ಲಂಗರಿನ ಸರಪಳಿ ಎಲ್ಲ ಸೇರಿದ ಮೇಲೆ ಲೆಕ್ಕ ಬೇರೆ. ಖಾಲಿ ತೂಕಕ್ಕೆ ಶೇ. 20ರಷ್ಟು ಸೇರಿಸಿ ನೋಡಿ. ಎರಡು ಮಾದರಿಗಳ ನಡುವೆ ಮನಸ್ಸು ತೂಗಾಡಿದರೆ ದೊಡ್ಡದನ್ನೇ ಆರಿಸಿ. ಚುಕ್ಕಾಣಿ ಚಕ್ರಕ್ಕೆ ಸಿಕ್ಕಿಸುವ ಚಿಕ್ಕ ಪೈಲಟ್ ಕರಾವಳಿ ಸುತ್ತಾಟಕ್ಕೆ ಸಾಕು. ಸಾಗರ ದಾಟಲು ಡೆಕ್ಕಿನ ಕೆಳಗೆ ಕೂತು ಚುಕ್ಕಾಣಿಯನ್ನೇ ನೇರವಾಗಿ ತಳ್ಳುವಂಥದ್ದು ಬೇಕು.

2. ಬಲ ಬೀಳುವ ಜಾಗವನ್ನು ಗಟ್ಟಿ ಮಾಡಿ.
ಮೋಟರಿನ ದಂಡ ಚುಕ್ಕಾಣಿಯ ತೋಳನ್ನು ತಳ್ಳುವ ಬಲ ನೂರಾರು ಕಿಲೋ. ಅಷ್ಟೇ ಬಲ ಹಿಮ್ಮುಖವಾಗಿ ಅದನ್ನು ಕೂರಿಸಿದ ಗೋಡೆಯ ಮೇಲೂ ಬೀಳುತ್ತದೆ. ಮರದ ಸ್ಕ್ರೂ ಇಲ್ಲಿ ನಡೆಯದು. ಆಚೆಯಿಂದ ತಗಡು ಕೊಟ್ಟು, ಗೋಡೆಯ ಆಚೆಗೆ ತೂರುವ ಬೋಲ್ಟ್ ಹಾಕಿ. ಚುಕ್ಕಾಣಿ ನೇರವಾಗಿದ್ದಾಗ ದಂಡ ತನ್ನ ಓಟದ ನಟ್ಟನಡುವೆ ಇರಬೇಕು, ತೋಳಿಗೆ 90 ಡಿಗ್ರಿ ಕೋನದಲ್ಲಿರಬೇಕು. ಇನ್ನೊಂದು ಮಾತನ್ನು ಬಹಳ ಮಂದಿ ಮರೆಯುತ್ತಾರೆ: ದಂಡ ತನ್ನ ಕೊನೆ ಮುಟ್ಟುವ ಮೊದಲೇ ಚುಕ್ಕಾಣಿ ದೋಣಿಯ ತಡೆಗೆ ತಾಗಬೇಕು. ಇಲ್ಲವಾದರೆ ಹಿಂದಿನಿಂದ ಬಡಿದ ಒಂದು ದೊಡ್ಡ ಅಲೆಯ ಏಟನ್ನೆಲ್ಲ ಮೋಟರು, ದಂಡ ಸೇರಿದ ಡ್ರೈವೇ ನುಂಗಬೇಕಾಗುತ್ತದೆ.

3. ವೈರ್ ದಪ್ಪಗಿರಲಿ.
ಲೆಕ್ಕ ಮಾಡೋಣ. ಬ್ಯಾಟರಿಯಿಂದ ಡ್ರೈವಿಗೆ 6 ಮೀಟರ್ ಅಂದರೆ ಹೋಗಿ ಬರುವ ತಾಮ್ರ 12 ಮೀಟರ್. 2.5 ಚದರ ಮಿಲಿಮೀಟರ್ ವೈರಿನಲ್ಲಿ 10 ಆಂಪಿಯರ್ ಹರಿದರೆ ಸುಮಾರು 0.84 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 12 ವೋಲ್ಟಿಗೆ ಅದು ಶೇ. 7. ಅದೇ 10 ಚದರ ಮಿಲಿಮೀಟರ್ ವೈರಿನಲ್ಲಿ ನಷ್ಟ 0.21 ವೋಲ್ಟ್ ಮಾತ್ರ. ರಾತ್ರಿ ಬ್ಯಾಟರಿ ಅರ್ಧಕ್ಕೆ ಇಳಿದು, ಅಲೆ ಜೋರಾದಾಗ ಪೈಲಟ್ ಇದ್ದಕ್ಕಿದ್ದಂತೆ ಆರಿ ಮತ್ತೆ ಹೊತ್ತಿಕೊಳ್ಳುವುದಕ್ಕೆ ಹೆಚ್ಚಾಗಿ ಕಾರಣ ಈ ಸಣ್ಣ ವೈರೇ. ಸರಾಸರಿ 4 ಆಂಪಿಯರ್ ಎಳೆಯುವ ಪೈಲಟ್ ದಿನಕ್ಕೆ 96 ಆಂಪಿಯರ್-ಅವರ್ ತಿನ್ನುತ್ತದೆ. ಸೋಲಾರ್ ಹಲಗೆ ಕೊಳ್ಳುವಾಗ ಇದನ್ನು ಎಣಿಕೆಗೆ ತೆಗೆದುಕೊಳ್ಳಿ.

4. ದಿಕ್ಸೂಚಿಗೆ ಒಂಟಿತನ ಕೊಡಿ.
ದೋಣಿಯ ನಡುಭಾಗದಲ್ಲಿ, ತಗ್ಗಿನಲ್ಲಿ, ಹೊಯ್ದಾಟ ಕಡಿಮೆ ಇರುವ ಕಡೆ ಕೂರಿಸಿ. ಕಬ್ಬಿಣ, ಸ್ಪೀಕರ್, ಎಂಜಿನ್, ಹೆಚ್ಚು ಕರೆಂಟ್ ಹರಿಯುವ ವೈರ್ ಇವುಗಳಿಂದ ಒಂದು ಮೀಟರಾದರೂ ದೂರ. ನಿನ್ನೆಯವರೆಗೆ ಸರಿಯಿದ್ದ ಪೈಲಟ್ ಇವತ್ತು 20 ಡಿಗ್ರಿ ಪಕ್ಕಕ್ಕೆ ಹೊರಟರೆ, ದಿಕ್ಸೂಚಿಯ ಪಕ್ಕದ ಕಪಾಟಿನಲ್ಲಿ ಹೊಸದಾಗಿ ಯಾರು ಏನು ತುಂಬಿದರು ಎಂದು ಕೇಳಿ. ಹುರುಳಿಯ ತಗಡಿನ ಡಬ್ಬಿ, ಸ್ಪ್ಯಾನರ್ ಪೆಟ್ಟಿಗೆ: ಮಾಮೂಲಿ ಕಳ್ಳರು ಇವರೇ. ಎಲ್ಲ ಜೋಡಿಸಿದ ಮೇಲೆ ನಿಶ್ಚಲ ನೀರಿನಲ್ಲಿ, ಒಂದು ಸುತ್ತಿಗೆ ಎರಡು ನಿಮಿಷದಷ್ಟು ನಿಧಾನವಾಗಿ ದೋಣಿಯನ್ನು ಗಿರಕಿ ಹೊಡೆಸಿ ದಿಕ್ಸೂಚಿಯನ್ನು ಸರಿಹೊಂದಿಸಿ. ಬಂದರಿನ ಜನ ನೋಡಿ ನಕ್ಕರೆ ನಗಲಿ.

5. ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ.
1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಎಂಬ ಎಂಜಿನಿಯರ್ ಹಡಗುಗಳ ಸ್ವಯಂಚಾಲನೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಅಮೆರಿಕದ ಯುದ್ಧನೌಕೆ ನ್ಯೂ ಮೆಕ್ಸಿಕೊ ಮೇಲೆ ತನ್ನ ಯಂತ್ರವನ್ನು ಪರೀಕ್ಷಿಸಿಯೂ ನೋಡಿದ. ಅವನ ವಾದದ ತಿರುಳು ಇದು: ಪಳಗಿದ ಚುಕ್ಕಾಣಿಗ ದೋಣಿ ಈಗ ಎಷ್ಟು ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ. ಎಷ್ಟು ವೇಗವಾಗಿ ತಪ್ಪುತ್ತಿದೆ, ಎಷ್ಟು ಹೊತ್ತಿನಿಂದ ತಪ್ಪುತ್ತಾ ಬಂದಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಇಂದಿನ ಪೈಲಟ್ಟಿನ ಮೂರು ಹೊಂದಾಣಿಕೆಗಳೂ ಕ್ರಮವಾಗಿ ಅವೇ: ಗೇನ್, ಕೌಂಟರ್ ರಡ್ಡರ್, ಆಟೊ ಟ್ರಿಮ್. ದೋಣಿ ಹಾವಿನಂತೆ ಬಿಗಿಯಾಗಿ ಹೊರಳುತ್ತಾ, ಮೋಟರ್ ಬಿಡುವಿಲ್ಲದೆ ಗುರ್ರೆನ್ನುತ್ತಿದ್ದರೆ ಗೇನ್ ಇಳಿಸಿ. ಸೋಮಾರಿಯಾಗಿ ಅಲೆದಾಡಿ, ತಡವಾಗಿ ತಿರುಗುತ್ತಿದ್ದರೆ ಏರಿಸಿ. ತಿರುವಿನ ಕೊನೆಗೆ ಗುರಿ ದಾಟಿ ಹೋಗುತ್ತಿದ್ದರೆ ಕೌಂಟರ್ ರಡ್ಡರ್ ಹೆಚ್ಚಿಸಿ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ.

6. ಹಾಯಿ ಮಡಿಸಿ.
ಕೈಯಲ್ಲಿ ಹಿಡಿದು ನೋಡಿದಾಗಲೇ ಚಕ್ರ ಭಾರವೆನಿಸಿದರೆ ಪೈಲಟ್ಟಿಗೂ ಭಾರವೇ. ಗಾಳಿ ಏರುವ ಮುನ್ನವೇ ದೊಡ್ಡ ಹಾಯಿಯನ್ನು ಒಂದು ಮಡಿಕೆ ಇಳಿಸಿ.

7. ಕೆಟ್ಟಾಗ ಈ ಕ್ರಮದಲ್ಲೇ ಹುಡುಕಿ.
ಮೊದಲು ಮಲ್ಟಿಮೀಟರ್. ಮೋಟರ್ ಓಡುತ್ತಿರುವಾಗಲೇ ಪೆಟ್ಟಿಗೆಯ ಬಾಯಲ್ಲಿ ವೋಲ್ಟೇಜ್ ಅಳೆಯಿರಿ, ಸುಮ್ಮನಿರುವಾಗ 12.6 ತೋರಿಸಿದರೆ ಏನೂ ಸಾಬೀತಾಗದು. ಬಳಿಕ ಫ್ಯೂಸಿನ ಹಿಡಿ, ಹಸಿರು ಕಿಲುಬು ಹಿಡಿದ ಕನೆಕ್ಟರ್‌ಗಳು. ಆಮೇಲೆ ಒಬ್ಬರು ಚಕ್ರ ಅಲುಗಿಸುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ತೂರಿ ತೋಳಿನ ಬೋಲ್ಟ್, ಪಿನ್ನು, ಚುಕ್ಕಾಣಿಯ ಕೋನ ಹೇಳುವ ಸಂವೇದಕದ ಕೊಂಡಿ ಸಡಿಲವಾಗಿದೆಯೇ ನೋಡಲಿ.

ಎಲ್ಲ ಸರಿಯಿದ್ದೂ ಡ್ರೈವ್ ಅಲುಗದಿದ್ದರೆ, ಅದರ ವೈರುಗಳನ್ನು ಪೆಟ್ಟಿಗೆಯಿಂದ ಬಿಡಿಸಿ, ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಮುಟ್ಟಿಸಿ. ಕ್ಲಚ್ಚಿಗೂ ಬೇರೆಯಾಗಿ ಕರೆಂಟ್ ಕೊಡಬೇಕು, ಇಲ್ಲದಿದ್ದರೆ ಮೋಟರ್ ಬರಿದೇ ತಿರುಗುತ್ತದೆ. ದಂಡ ಚಲಿಸಿತೇ? ಡ್ರೈವ್ ಚೆನ್ನಾಗಿದೆ. ಇಲ್ಲವೇ? ಸ್ಪ್ಯಾನರಿನ ಹಿಡಿಯಿಂದ ಮೋಟರನ್ನು ಮೆಲ್ಲಗೆ ತಟ್ಟಿ. ಸಿಕ್ಕಿಹಾಕಿಕೊಂಡ ಕಾರ್ಬನ್ ಬ್ರಷ್ ಬಿಡುವುದುಂಟು. ಬಿಟ್ಟಿತೆಂದು ನಂಬಿ ಕೂರಬೇಡಿ, ಮುಂದಿನ ಬಂದರಿನಲ್ಲಿ ಬ್ರಷ್ ಬದಲಿಸಿ.

ಪರದೆಯಲ್ಲಿ ಗಾಳಿಯ, ದಿಕ್ಕಿನ ಅಂಕಿಗಳು ಬಂದು ಹೋಗಿ ಮಾಡುತ್ತಿದ್ದರೆ ಉಪಕರಣಗಳನ್ನು ಬೆಸೆಯುವ ಜಾಲವನ್ನು ಶಂಕಿಸಿ. ಎನ್‌ಎಂಇಎ 2000 ಜಾಲದ ಎರಡೂ ತುದಿಗೆ 120 ಓಮ್‌ನ ಒಂದೊಂದು ರೋಧಕ ಇರುತ್ತದೆ. ಕರೆಂಟ್ ತೆಗೆದು ಎರಡು ಡೇಟಾ ವೈರುಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. ದೂರದ ರೇಡಿಯೊದಲ್ಲಿ ಮಾತಾಡಲು ಗುಂಡಿ ಒತ್ತಿದಾಗ ಮಾತ್ರ ದೋಣಿ ತಿರುಗಿಬಿಡುವುದಾದರೆ, ಆಂಟೆನಾ ವೈರಿನಿಂದ ಪೈಲಟ್ ವೈರನ್ನು ದೂರ ಸರಿಸಿ, ಫೆರೈಟ್ ಉಂಗುರ ತೊಡಿಸಿ. ಇಷ್ಟೆಲ್ಲ ಮುಗಿದ ಮೇಲೆ ಪೆಟ್ಟಿಗೆಯ ಸರದಿ.

8. ಅದಕ್ಕೆ ಕಣ್ಣಿಲ್ಲ.
1972ರ ಅಂತರರಾಷ್ಟ್ರೀಯ ಕಡಲ ನಿಯಮಗಳಲ್ಲಿ ಐದನೆಯದು ಸದಾ ಕಾವಲಿರಬೇಕೆನ್ನುತ್ತದೆ. ಪೈಲಟ್ಟಿಗೆ ಒಂದು ತೇಲುಬುರುಡೆಯನ್ನೇ ಗುರಿಯಾಗಿ ಕೊಟ್ಟರೆ ಅದು ನಿಷ್ಠೆಯಿಂದ ಅದಕ್ಕೇ ಹೋಗಿ ಗುದ್ದುತ್ತದೆ. ದೋಣಿ ಹತ್ತುವ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ಪೈಲಟ್ಟನ್ನು ಬಿಡಿಸುವ ಸ್ಟ್ಯಾಂಡ್‌ಬೈ ಗುಂಡಿ ಎಲ್ಲಿದೆಯೆಂದು ಮೊದಲು ತೋರಿಸಿ.

9. ತುರ್ತು ಚುಕ್ಕಾಣಿ ಕೋಲನ್ನು ಬಂದರಿನಲ್ಲೇ ಒಮ್ಮೆ ಜೋಡಿಸಿ ನೋಡಿ.
ಕೆಲವು ದೋಣಿಗಳಲ್ಲಿ ಅದು ಚಕ್ರಕ್ಕೇ ಅಡ್ಡ ಬರುತ್ತದೆ, ಕೆಲವದರಲ್ಲಿ ಹಿಂದಿನ ಮಂಚದ ಹಲಗೆ ಎತ್ತಿದರೇ ಕೂರುವುದು. ಹಾಗಿದ್ದರೆ ಹಲಗೆ ಬಿಚ್ಚಲು ಬೇಕಾದ ಸ್ಕ್ರೂಡ್ರೈವರನ್ನು ಕೋಲಿಗೇ ಕಟ್ಟಿಡಿ.