ಊರಮುಂದಿನ ವೀರಗಲ್ಲು

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಪ್ರಯಾಣಿಕನಿಗೆ ಬಿಡದಿಯನ್ನು ದಾಟಿದ ಮೇಲೆ ಬೋಳುಬಂಡೆಯ ಬೆಟ್ಟಗಳು ಎದುರಾಗುತ್ತವೆ. ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಗುಂಡುಗಳು, ಆನೆ ಮಲಗಿದಂತೆ ಕಾಣುವ ದಿಣ್ಣೆಗಳು ಅವನ ಜೊತೆಯಲ್ಲಿಯೇ ಬರುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ ಕಲ್ಲಿನ ಸೀಮೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬವನಿಂದ ಬಂದ ಹೆಸರದು. ಊರಿನ ಹೆಸರು ಬದಲಾಯಿತು. ಆದರೆ ಭೂವಿಜ್ಞಾನಿಗಳು ಇಲ್ಲಿನ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಶಿಲಾರಸವು ಮೆಲ್ಲಮೆಲ್ಲನೆ ತಣಿದು ಗಟ್ಟಿಯಾದ ಕಲ್ಲು ಇದು.

ಈ ಕಲ್ಲಿನ ಮೊದಲ ಶಿಲ್ಪಿ ಪ್ರಕೃತಿಯೇ. ಬಿಸಿಲು, ಮಳೆ, ಗಾಳಿಗಳು ಯುಗಯುಗಗಳಿಂದ ಬಂಡೆಯ ಮೂಲೆಗಳನ್ನು ಸವೆಸಿ ದುಂಡಾಗಿಸಿವೆ. ಆಮೇಲೆ ಬಂದವನು ಮನುಷ್ಯ. ಕನ್ನಡ ನಾಡಿನ ಶಿಲ್ಪವೆಂದೊಡನೆ ನಮಗೆ ಬೇಲೂರು, ಹಳೇಬೀಡುಗಳ ನೆನಪಾಗುತ್ತದೆ. ಆದರೆ ಗರ್ಭಗುಡಿಯಿಲ್ಲದೆ, ಗೋಪುರವಿಲ್ಲದೆ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಊರಮುಂದಿನ ಬಯಲಿನಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿರುವ ಶಿಲ್ಪಗಳೂ ಉಂಟು. ಅವುಗಳಲ್ಲಿ ಮುಖ್ಯವಾದುದು ವೀರಗಲ್ಲು. ಅರಸನ ಅರಮನೆಗಾಗಿ ಮಾಡಿದ ಶಿಲ್ಪವಲ್ಲ ಅದು. ಊರಿಗಾಗಿ ಪ್ರಾಣ ಕೊಟ್ಟವನ ನೆನಪಿಗೆ ಊರವರ ನಡುವೆ ನಿಲ್ಲಿಸಿದ ಶಿಲ್ಪ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ಯುದ್ಧ, ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವಲೋಕದಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ತುದಿಯಲ್ಲಿ ಸೂರ್ಯಚಂದ್ರರನ್ನು ಕೆತ್ತುವುದು ರೂಢಿ. ಆ ಎರಡು ಬೆಳಕುಗಳು ಇರುವವರೆಗೆ ಈ ಕೀರ್ತಿಯೂ ಇರಲಿ ಎಂಬುದು ಅದರ ಭಾವ. ಶತ್ರುಗಳು ದನಗಳನ್ನು ಹಿಡಿದೊಯ್ಯುವುದಕ್ಕೆ ತುರುಗೋಳ್ ಎಂದು ಹೆಸರು; ಅವುಗಳನ್ನು ಬಿಡಿಸಲು ಹೋರಾಡಿ ಮಡಿದವರಿಗೆ ಕಲ್ಲುಗಳುಂಟು. ಹೆಂಗಸರ ಮಾನರಕ್ಷಣೆಗಾಗಿ ಮಡಿದವರಿಗೂ, ಹುಲಿ ಹಂದಿಗಳೊಡನೆ ಸೆಣಸಿ ಸತ್ತವರಿಗೂ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ದನಕರುಗಳೇ ಸಂಪತ್ತಾಗಿದ್ದ ಕಾಲದಲ್ಲಿ ಅವುಗಳನ್ನು ಕಳೆದುಕೊಂಡ ಊರು ಹಸಿವಿಗೆ ತುತ್ತಾಗುತ್ತಿತ್ತು. ಆದುದರಿಂದ ತುರುಗಳನ್ನು ಮರಳಿ ತಂದವನು ಊರನ್ನೇ ಉಳಿಸಿದವನಾಗುತ್ತಿದ್ದನು.

ಈ ಶಿಲ್ಪಗಳ ಸೊಗಸು ಅವುಗಳ ಚಲನೆಯಲ್ಲಿದೆ. ಕಲ್ಲು ಅಲುಗದು; ಆದರೆ ಕಲ್ಲಿನಲ್ಲಿರುವ ವೀರನು ಅಲುಗುತ್ತಿರುವಂತೆ ತೋರುತ್ತಾನೆ. ಮುಂದಿನ ಮೊಣಕಾಲು ಬಾಗಿದೆ; ಹಿಂದಿನ ಕಾಲು ನೆಲವನ್ನು ಒತ್ತಿ ನೀಳವಾಗಿದೆ; ಬಿಲ್ಲಿನ ಹೆದೆ ಕಿವಿಯವರೆಗೆ ಬಂದಿದೆ. ಇನ್ನೊಂದು ಕ್ಷಣದಲ್ಲಿ ಬಾಣ ಹೊರಡಬೇಕು. ಆ ಕ್ಷಣ ನೂರಾರು ವರ್ಷಗಳಿಂದ ಹಾಗೆಯೇ ನಿಂತಿದೆ. ನಡುವಿನ ಅಂಕಣದ ಅಪ್ಸರೆಯರ ಕಾಲುಗಳನ್ನು ಹಿಂದಕ್ಕೆ ಮಡಿಸಿ ಕೆತ್ತಿದ ಮಾತ್ರಕ್ಕೆ ಅವರು ಹಾರುತ್ತಿರುವುದು ನಮಗೆ ತಿಳಿಯುತ್ತದೆ. ಹೊಯ್ಸಳ ಶಿಲ್ಪಿಗಳಿಗೆ ದೊರೆತದ್ದು ಮೃದುವಾದ ಬಳಪದ ಕಲ್ಲು. ಅದರಲ್ಲಿ ಸರದ ಒಂದೊಂದು ಮಣಿಯನ್ನೂ ಬಿಡಿಸಬಹುದು. ಗ್ರಾನೈಟ್ ಉಳಿಗೆ ಅಷ್ಟು ಸುಲಭವಾಗಿ ಮಣಿಯದು. ಅದನ್ನು ಕೆತ್ತುವವನು ಸಣ್ಣ ಕುಸುರಿಯನ್ನು ಬಿಟ್ಟು ಮೈಯ ಬಾಗು, ತೋಳಿನ ಬೀಸು, ಕಾಲಿನ ಒತ್ತುಗಳನ್ನಷ್ಟೇ ಹಿಡಿಯಬೇಕು. ಕಲ್ಲಿನ ಬಿರುಸೇ ಶಿಲ್ಪಿಗೆ ಮಿತವ್ಯಯವನ್ನು ಕಲಿಸಿತು.

ಚನ್ನಪಟ್ಟಣದಿಂದ ದೂರವಲ್ಲದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಒಂದು ಕಲ್ಲಿನ ಕಥೆ ವಿಶೇಷವಾದುದು. ಸುಮಾರು ಕ್ರಿ.ಶ. 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ನಡೆಯಿತು. ಕೃಷ್ಣನ ಪಕ್ಷದಲ್ಲಿ ಹೋರಾಡಿದವನು ಗಂಗರ ದೊರೆ ಬೂತುಗ. ಬೂತುಗನ ಭಟನಾದ ಮಣಲೇರನ ಪರಾಕ್ರಮವನ್ನು ಮೆಚ್ಚಿ ದೊರೆಯು ಬೇಡಿದ್ದನ್ನು ಕೊಡುವೆನೆಂದನು. ಮಣಲೇರನು ಬೇಡಿದ್ದು ಹೊನ್ನನ್ನಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಕಾದಾಡಿತು. ನಾಯಿಯೂ ಹಂದಿಯೂ ಎರಡೂ ಸತ್ತವು. ಆ ನಾಯಿಗಾಗಿ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ನಾಯಿ ಹಂದಿಗಳ ಸೆಣಸಾಟವನ್ನು ಅದರಲ್ಲಿ ಕೆತ್ತಿದ್ದಾರೆ. ಸಾಮ್ರಾಜ್ಯಗಳ ಯುದ್ಧವನ್ನೂ ಒಂದು ನಾಯಿಯ ನಿಷ್ಠೆಯನ್ನೂ ಒಂದೇ ಕಲ್ಲಿನ ಮೇಲೆ ಬರೆಯಿಸಿದವರ ಮನಸ್ಸು ಎಷ್ಟು ದೊಡ್ಡದು!

ಚನ್ನಪಟ್ಟಣದ ಬಣ್ಣದ ಬೊಂಬೆಯು ಕೈಯಿಂದ ಕೈಗೆ ಸಾಗಿ ಊರೂರು ಸುತ್ತುತ್ತದೆ. ಎಲ್ಲಿದ್ದರೂ ಅದು ಬೊಂಬೆಯೇ. ವೀರಗಲ್ಲು ಹಾಗಲ್ಲ. ‘ಇವನು ಈ ಊರಿಗಾಗಿ ಸತ್ತನು’ ಎಂಬುದೇ ಅದರ ಮಾತು. ‘ಈ ಊರು’ ಎಂಬುದನ್ನು ಕಿತ್ತುಹಾಕಿದರೆ ಮಾತು ಅರ್ಧವಾಗುತ್ತದೆ. ಅರಳಿಕಟ್ಟೆಯ ನೆರಳಿನಲ್ಲಿ ಹೆಣೆದುಕೊಂಡ ಹಾವುಗಳ ನಾಗರಕಲ್ಲುಗಳೂ ಹೀಗೆಯೇ. ಆ ಮರವೂ ಕಟ್ಟೆಯೂ ಸೇರಿದಾಗಲೇ ಶಿಲ್ಪ ಪೂರ್ಣವಾಗುತ್ತದೆ.

ಹಾಗೆಂದು ಇದ್ದಲ್ಲಿಯೇ ಬಿಟ್ಟರೆ ಅವು ಉಳಿಯುತ್ತವೆಯೆ? ರಸ್ತೆ ಅಗಲವಾದಾಗ, ಬಡಾವಣೆಗಳು ಎದ್ದಾಗ ಕಲ್ಲುಗಳು ಮಣ್ಣಿನಲ್ಲಿ ಹೂತುಹೋಗುತ್ತವೆ. ಕೆಲವು ಚರಂಡಿಯ ಹಾಸುಗಲ್ಲುಗಳಾಗುತ್ತವೆ. ಆದುದರಿಂದಲೇ ಆತಕೂರಿನ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದು ಕಾಪಾಡಲಾಯಿತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿ 1994ರಲ್ಲಿ ನಾಡಿಗೆ ತೆರೆದ ಜಾನಪದ ಲೋಕದ ಶಿಲ್ಪಮಾಳದಲ್ಲಿಯೂ ಇಂಥ ಹಳೆಯ ಶಿಲ್ಪಗಳು ಬಯಲಿನಲ್ಲಿಯೇ ನಿಂತಿವೆ. ಕಲ್ಲು ಉಳಿಯಿತು, ನೆಲೆ ತಪ್ಪಿತು; ಇದು ನಷ್ಟವೂ ಹೌದು, ಲಾಭವೂ ಹೌದು. ಬಿ.ಎಲ್. ರೈಸರು ಚನ್ನಪಟ್ಟಣ, ಮಾಗಡಿ, ಕನಕಪುರ ಭಾಗಗಳ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟದಲ್ಲಿ ಸೇರಿಸಿ 1905ರಲ್ಲಿ ಪ್ರಕಟಿಸಿದರು. ಕಲ್ಲು ಕಳೆದರೂ ಅಕ್ಷರ ಉಳಿಯಲೆಂಬ ಕಾಳಜಿ ಅಂಥ ಕೆಲಸದ ಹಿಂದಿದೆ.

ಮೂರನೆಯ ದಾರಿಯೂ ಒಂದುಂಟು. ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಬೆಂಗಳೂರಿನ ಹೆಬ್ಬಾಳವನ್ನು ಕಾಪಾಡುತ್ತ ಕಿತ್ತಯ್ಯನೆಂಬವನು ಮಡಿದನು. ಅವನ ಕಲ್ಲು 2018ರಲ್ಲಿ ನೆಲ ಅಗೆಯುವಾಗ ದೊರೆಯಿತು. ಜನರು ಅದನ್ನು ದೂರಕ್ಕೆ ಒಯ್ಯದೆ ಹೆಬ್ಬಾಳದಲ್ಲಿಯೇ ಉಳಿಸಿ, ಅದಕ್ಕೊಂದು ಮಂಟಪವನ್ನು ಕಟ್ಟಿದರು. ಹನ್ನೆರಡು ಶತಮಾನಗಳು ಕಳೆದ ಮೇಲೂ ಕಿತ್ತಯ್ಯನು ತಾನು ಕಾದ ಊರಿನಲ್ಲಿಯೇ ನಿಂತಿದ್ದಾನೆ.

ವಿದ್ಯಾರ್ಥಿಗಳೇ, ನಿಮ್ಮ ಊರಿನಲ್ಲಿಯೂ ಅರ್ಧ ಹೂತ ಕಲ್ಲೊಂದು ಇರಬಹುದು. ದನ ಕಟ್ಟುವ ಗೂಟಕ್ಕೆ ಅದು ಆಸರೆಯಾಗಿರಬಹುದು. ಬೆಳಗಿನ ಇಲ್ಲವೆ ಸಂಜೆಯ ಓರೆಬಿಸಿಲಿನಲ್ಲಿ ಅದರ ಮುಂದೆ ನಿಂತು ನೋಡಿರಿ. ಆಗ ನೆರಳು ಗೆರೆಗಳನ್ನು ಎತ್ತಿ ತೋರಿಸುತ್ತದೆ. ಸುಣ್ಣ ಬಳಿಯಬೇಡಿ, ಉಜ್ಜಬೇಡಿ, ಹಿರಿಯರಿಗೆ ತಿಳಿಸಿರಿ. ಹೆಸರು ಅಳಿಸಿಹೋದ ಒಬ್ಬ ಮನುಷ್ಯನು ಅಲ್ಲಿ ಇನ್ನೂ ನಿಮ್ಮ ಊರಿನ ಕಾವಲಿಗೆ ನಿಂತಿದ್ದಾನೆ. ಅವನ ಕಾವಲು ಈಗ ನಿಮ್ಮ ಕೈಯಲ್ಲಿದೆ.

ಅಭ್ಯಾಸ

1. ವೀರಗಲ್ಲಿನ ಮೂರು ಅಂಕಣಗಳಲ್ಲಿ ಏನೇನನ್ನು ಕೆತ್ತಿರುತ್ತಾರೆ?
2. ಮಣಲೇರನು ಬೇಡಿದ ಬಹುಮಾನದಿಂದ ಅವನ ಸ್ವಭಾವದ ಬಗ್ಗೆ ಏನು ತಿಳಿಯುತ್ತದೆ?
3. ‘ಕಲ್ಲು ಉಳಿಯಿತು, ನೆಲೆ ತಪ್ಪಿತು’ — ಈ ಮಾತನ್ನು ವಿವರಿಸಿರಿ.