ಇಂದಿನ ಧಮ್ಮ ಚಿಂತನೆ: ತೊಳೆದ ಕಲ್ಲು



ಕಳೆದ ಭಾನುವಾರ ಪಟಿಚ್ಚ ಸಮುಪ್ಪಾದ ಓದುವಾಗ ಒಬ್ಬ ಸೋದರಿ ಕೇಳಿದರು: "ಹನ್ನೆರಡು ಕೊಂಡಿಗಳಲ್ಲಿ ಅವಿದ್ಯೆಯೇ ಏಕೆ ಮೊದಲು? ದುಃಖಕ್ಕೆ ಆಸೆ ಕಾರಣ ಅಂತೀರಲ್ಲ, ಆಸೆ ಮೊದಲು ಬರಬೇಕಿತ್ತಲ್ಲವೇ?" ನಾನು ಮೇಷ್ಟ್ರ ಅಭ್ಯಾಸದಂತೆ ಬೋರ್ಡಿನ ಮೇಲೆ ಚಕ್ರ ಬರೆದು ಏನೋ ಹೇಳಿದೆ. ಅವರಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಈ ವಾರ ಮನೆಯಲ್ಲಿ ನಡೆದ ಒಂದು ಕೆಲಸ ಆ ಪ್ರಶ್ನೆಯನ್ನು ಮತ್ತೆ ನನ್ನ ಮುಂದೆ ತಂದು ನಿಲ್ಲಿಸಿತು.

ನನ್ನ ತಮ್ಮನಿಗೆ ಉಪ್ಪುನೀರಿನ ಮೀನುತೊಟ್ಟಿಯ ಹುಚ್ಚು. ಸಮುದ್ರದ ಮೀನು, ಮೆದು ಹವಳ, ಶಂಖದ ಹುಳು ಎಲ್ಲ ಒಂದೇ ಗಾಜಿನ ಪೆಟ್ಟಿಗೆಯಲ್ಲಿ. ಎರಡು ವರ್ಷದ ಹಿಂದೆ ಬುದ್ಧ ಪೂರ್ಣಿಮೆಗೆ ಮನೆಗೆ ಜನ ಬರುವವರಿದ್ದರು. ತಮ್ಮ ಊರಲ್ಲಿರಲಿಲ್ಲ. ತೊಟ್ಟಿಯ ಕಲ್ಲುಗಳ ಮೇಲೆ ಕಂದು ಪಾಚಿ ಕಟ್ಟಿ ಕೊಳಕಾಗಿ ಕಾಣುತ್ತಿತ್ತು. ನಾನೇ ಕಲ್ಲುಗಳನ್ನು ಹೊರಗೆ ತೆಗೆದು, ನಲ್ಲಿಯ ಕೆಳಗೆ ಹಿಡಿದು, ಬ್ರಷ್ ಹಾಕಿ ಚೆನ್ನಾಗಿ ಉಜ್ಜಿ ತೊಳೆದು ಮತ್ತೆ ಜೋಡಿಸಿದೆ. ತೊಟ್ಟಿ ಫಳಫಳ ಹೊಳೆಯಿತು. ಬಂದವರೆಲ್ಲ ಹೊಗಳಿದರು. ಮೂರನೆಯ ದಿನ ಎರಡು ಕ್ಲೌನ್ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಸಂಜೆಯೊಳಗೆ ಎರಡೂ ಸತ್ತವು.

ಪಕ್ಕದ ಮನೆಯ ಹಿರಿಯರು ಬಂದು, "ಬೇಜಾರು ಮಾಡ್ಕೋಬೇಡಿ, ಮನೆಗೆ ಬರೋ ಕಂಟಕಾನ ಮೀನು ಹೊತ್ಕೊಂಡು ಹೋಯ್ತು" ಅಂದರು. ಅವರು ಒಳ್ಳೆಯವರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಒಂದು ಗಳಿಗೆ ನನಗೂ ಅದನ್ನು ನಂಬಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ನಂಬಿದ್ದರೆ ಸತ್ತ ಕಾರಣ ಹುಡುಕುವ ಕೆಲಸವೇ ಇರುತ್ತಿರಲಿಲ್ಲ.

ತಮ್ಮ ಬಂದು ಹೇಳಿದ ಕಾರಣ ಇದು. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ಅದು ಅದಕ್ಕೇ ವಿಷ. ಕಲ್ಲು, ಮರಳಿನ ಮೇಲೆ ಕಣ್ಣಿಗೆ ಕಾಣದ ಪೊರೆಯಂತೆ ಬ್ಯಾಕ್ಟೀರಿಯಾಗಳಿರುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್‌ನಲ್ಲಿ ನಾನು ಹತ್ತು ನಿಮಿಷದಲ್ಲಿ ಅವುಗಳನ್ನು ತೊಳೆದು ಮುಗಿಸಿದ್ದೆ.

ಪ್ರಾಣಹಿಂಸೆ ಮಾಡುವುದಿಲ್ಲ ಎಂಬ ಶೀಲವನ್ನು ದಿನವೂ ಹೇಳುವ ಬಾಯಿ ನನ್ನದು. ಧಮ್ಮದಲ್ಲಿ ಕರ್ಮವೆಂದರೆ ಚೇತನ, ಅಂದರೆ ಉದ್ದೇಶ. ನನಗೆ ಕೊಲ್ಲುವ ಉದ್ದೇಶವಿರಲಿಲ್ಲ, ಹಾಗಾಗಿ ಶೀಲ ಮುರಿಯಲಿಲ್ಲ ಎಂದು ಲೆಕ್ಕ ಹಾಕಬಹುದು. ಮೀನಿಗೆ ಆ ಲೆಕ್ಕದಿಂದ ಏನಾಗಬೇಕು? ಅಲ್ಲಿ ಆಸೆ ಇರಲಿಲ್ಲ, ದ್ವೇಷ ಇರಲಿಲ್ಲ. ಇದ್ದದ್ದು ಪ್ರೀತಿ ಮತ್ತು ತಿಳಿಯದಿರುವುದು. ಅಷ್ಟೇ ಸಾಕಾಯಿತು. ಸೋದರಿಯ ಪ್ರಶ್ನೆಗೆ ನಾನು ಹೇಳಬೇಕಾಗಿದ್ದ ಉತ್ತರ ಇದೇ ಎಂದು ಈಗ ಅನ್ನಿಸುತ್ತಿದೆ. 1956ರ ಮೇ ತಿಂಗಳ ರೇಡಿಯೋ ಭಾಷಣದಲ್ಲಿ ಬಾಬಾಸಾಹೇಬರು ಬೌದ್ಧ ಧಮ್ಮ ತಮಗೆ ಏಕೆ ಇಷ್ಟ ಎಂದು ಹೇಳುತ್ತ ಪ್ರಜ್ಞೆ, ಕರುಣೆ, ಸಮತೆ ಎಂಬ ಮೂರನ್ನು ಒಟ್ಟಿಗೆ ಹೆಸರಿಸಿದರು. ಕರುಣೆಯ ಪಕ್ಕದಲ್ಲಿ ಪ್ರಜ್ಞೆಯನ್ನು ಏಕೆ ಇಟ್ಟರು ಎಂಬುದು ನನಗೆ ಆ ಎರಡು ಮೀನುಗಳಿಂದ ತಿಳಿಯಿತು.

ಇನ್ನು ಈ ವಾರದ ಕೆಲಸ. ಹಳೆಯ ತೊಟ್ಟಿ ಎರಡಡಿ ಉದ್ದದ್ದು, ಸುಮಾರು 55 ಲೀಟರ್. ಹೊಸದು ನಾಲ್ಕಡಿ, 250 ಲೀಟರ್. ನೀರು, ಗಾಜು, ಕಲ್ಲು ಸೇರಿ 300 ಕೆಜಿ ದಾಟುತ್ತದೆ. ಅದೇ ಹಿರಿಯರು ಈಶಾನ್ಯ ಮೂಲೆಯಲ್ಲಿಡಿ ಎಂದರು. ನಾವು ಕೆಳಗೆ ತೊಲೆ ಹಾದುಹೋಗುವ ಗೋಡೆಯ ಪಕ್ಕ ಇಟ್ಟೆವು. (ಅದು ನೈಋತ್ಯ. ಅವರಿಗೆ ಇನ್ನೂ ಹೇಳಿಲ್ಲ.)

ಹಿಂದಿನ ದಿನವೇ ಆರ್‌ಓ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಏಳು ಕೆಜಿ ಸಮುದ್ರದ ಉಪ್ಪಿನ ಮಿಶ್ರಣ ಕಲಸಿ, ಹೀಟರ್ ಇಟ್ಟು, ರಾತ್ರಿಯಿಡೀ ಪಂಪು ಓಡಿಸಿದೆವು. ಅಡುಗೆ ಉಪ್ಪು ನಡೆಯದು. ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಬೇಕು. ಮರುದಿನ ಹಳೆಯ ನೀರನ್ನು ಬಕೆಟ್‌ಗಳಿಗೆ ತೆಗೆದು ಮೊದಲು ಹವಳ, ಆಮೇಲೆ ಕಲ್ಲು. ಕಲ್ಲು ಇರುವಾಗ ಮೀನು ಕೈಗೆ ಸಿಗುವುದಿಲ್ಲ, ಸಂದಿಯಲ್ಲಿ ಅಡಗುತ್ತದೆ. ತಮ್ಮ ಎಲ್ಲರ ಕೈಗೂ ಗ್ಲೌಸ್ ಹಾಕಿಸಿದ. ಗುಂಡಿಯಂತೆ ಅರಳುವ ಝೋಯಾಂಥಿಡ್ ಎಂಬ ಹವಳದ ಬಂಧುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದಂತೆ. ನೋಡಲು ಎಷ್ಟು ಚೆಂದ!

ಅಂದಹಾಗೆ, ಅವನ ಬಳಿ ಗಟ್ಟಿ ಹವಳ ಇಲ್ಲ. ಸುಣ್ಣದ ಗೂಡು ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳವೂ ಅದರಡಿ ಬರುತ್ತದೆ. ಅವನ ಕಲ್ಲುಗಳು ಸೆರಾಮಿಕ್, ಮೀನುಗಳು ಹ್ಯಾಚರಿಯ ಮರಿಗಳು. ಎರಡನೆಯ ಶೀಲ ಸಮುದ್ರಕ್ಕೂ ಅನ್ವಯಿಸುತ್ತದೆ ಎಂದು ನಾನು ಮೊದಲೇ ಜಗಳ ಆಡಿದ್ದೆ.

ಆಗ ನನ್ನ ಮಗಳು ಬ್ರಷ್ ಹಿಡಿದು ಬಂದಳು: "ಹೊಸ ತೊಟ್ಟಿಗೆ ಈ ಕೊಳಕು ಕಲ್ಲು ಯಾಕೆ?" ನನಗೆ ಎದೆ ಧಸಕ್ಕೆಂದಿತು. ಹಳೆಯ ಕತೆಯನ್ನು ಅವಳಿಗೆ ಅಲ್ಲೇ ನಿಂತು ಹೇಳಿದೆ. ಮೀನು ತಾವಾಗಿ ಸತ್ತವು ಎಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಪಾಚಿ ಸಮೇತ, ಒಣಗಲು ಬಿಡದೆ, ಹಳೆಯ ನೀರಿನಲ್ಲೇ ಮುಳುಗಿಸಿಟ್ಟು ಕಲ್ಲುಗಳನ್ನು ಸಾಗಿಸಿದೆವು. ಹಾಗೆಂದು ಹಳೆಯದೆಲ್ಲ ಬೇಕು ಅಂತಲ್ಲ. ತಳದ ಮರಳನ್ನು ತಮ್ಮ ಬಿಸಾಡಿದ. ಅದರೊಳಗೆ ವರ್ಷಗಟ್ಟಲೆ ಕೊಳೆತದ್ದು ಕೂತಿರುತ್ತದೆ, ಕದಡಿದರೆ ಅದೇ ವಿಷ. ಬಿಸಾಡುವಾಗ ಕೊಳೆತ ಮೊಟ್ಟೆಯ ವಾಸನೆ ಬಂತು. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದು ಹೊರಗಿನ ಹೊಳಪು ನೋಡಿ ಗೊತ್ತಾಗುವುದಿಲ್ಲ. 22 ಪ್ರತಿಜ್ಞೆ ತೆಗೆದುಕೊಂಡ ಮನೆಗಳ ನಾವು ಇದನ್ನು ಬೇರೆ ಕಡೆಯೂ ಕಂಡಿದ್ದೇವೆ.

ಮಧ್ಯೆ ಕರೆಂಟ್ ಹೋಯಿತು. ಮೀನು ಬಕೆಟ್ಟಿನಲ್ಲಿ! ಬ್ಯಾಟರಿಯ ಗಾಳಿ ಪಂಪು ಇತ್ತು, ಬಚಾವ್.

ಎರಡನೆಯ ದಿನ ಅಮೋನಿಯಾ ಪರೀಕ್ಷೆಯಲ್ಲಿ ತುಸು ಹಸಿರು ಕಂಡಿತು. ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. 40 ಲೀಟರ್ ನೀರು ಬದಲಾಯಿಸಿದೆವು. ಇಂದು ನಾಲ್ಕನೆಯ ದಿನ, ಬಣ್ಣ ಪೂರ್ತಿ ಹಳದಿ; ಅಂದರೆ ಸೊನ್ನೆ. ಗುಂಡಿ ಹವಳಗಳು ಅರಳಿವೆ, ಚರ್ಮದಂಥ ಹವಳ ಇನ್ನೂ ಮುದುಡಿಕೊಂಡೇ ಇದೆ. ಜಾಗ ದೊಡ್ಡದಾಯಿತಲ್ಲ, ಇನ್ನೆರಡು ಮೀನು ತರೋಣ ಎಂದು ಮಗಳ ಹಟ. ಕಲ್ಲಿನ ಮೇಲಿನ ಜೀವಿಗಳು ಇರುವ ಮೀನಿಗೆ ತಕ್ಕಷ್ಟೇ ಇವೆ, ಒಂದು ತಿಂಗಳು ಕಾಯಬೇಕು ಎಂದಿದ್ದಾನೆ ತಮ್ಮ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ.

ಭಾನುವಾರ ಪಾಠ ಎಂದಿನಂತೆ ಬೆಳಿಗ್ಗೆ. ಆ ಸೋದರಿ ತಪ್ಪದೇ ಬರಬೇಕು.

ಜೈ ಭೀಮ್ 🙏